ರಾಜೇಶ್ವರದಾಕಿ ಕೊಟ್ಟ ಸಬೂತು

ನನ್ನ ಗಂಡನಿಗೆ ಬೇರೊಬ್ಬಳು ರೊಟ್ಟಿ ಬಡಿದು ಹಾಕುತ್ತಿದ್ದಳು. ಹೆಚ್ಚುಕಡಿಮೆ ಎರಡು ವರ್ಷ ಹಾಕಿದಳು. ಹೀಗೆ ನೇರವಾಗಿ ಬರೆದರೆ ಓದುವವರು ಬೇರೆಯೇ ಅರ್ಥ ಮಾಡಿಕೊಳ್ಳಬಹುದು. ಮಾಡಿಕೊಳ್ಳಲಿ, ನಾನೂ ಆಗ ಆ ಅರ್ಥವನ್ನೇ ಮಾಡಿಕೊಂಡಿದ್ದೆ. ಅವಳು ನಮ್ಮವರ ಗೆಳೆಯನ ಹೆಂಡತಿ, ತವರು ರಾಜೇಶ್ವರ. ನನ್ನ ಮನಸ್ಸಿನಲ್ಲಿ ಅವಳಿಗೆ ಹೆಸರು ಅಂತ ಒಂದು ಇರಲೇ ಇಲ್ಲ. ರಾಜೇಶ್ವರದಾಕಿ ಅಷ್ಟೆ. ಇಲ್ಲಿಯೂ ಹಾಗೇ ಕರೆಯುತ್ತೇನೆ.

ನಮ್ಮಿಬ್ಬರ ಮದುವೆಯೂ ಒಂದೇ ದಿನ, ಒಂದೇ ವೇದಿಕೆಯ ಮೇಲೆ, ಬಸವಕಲ್ಯಾಣದ ಒಂದು ಸಾಮೂಹಿಕ ವಿವಾಹದಲ್ಲಿ ಆಯಿತು. ಶರಣರ ಪದ್ಧತಿಯ ಮನೆತನಗಳು ನಮ್ಮವು. ಮುಹೂರ್ತ ನೋಡುವುದಿಲ್ಲ, ರಾಹುಕಾಲ ಕೇಳುವುದಿಲ್ಲ, ವಾಲಗದ ಗದ್ದಲವೂ ಇಲ್ಲ. ಹದಿನಾಲ್ಕು ಜೋಡಿ ಸಾಲಾಗಿ ನಿಂತೆವು, ಹಿರಿಯರು ವಚನ ಹೇಳಿದರು, ನಾವು ಹಾರ ಹಾಕಿಕೊಂಡೆವು. ಹದಿನಾಲ್ಕು ಜೋಡಿಗೂ ಒಬ್ಬನೇ ಫೋಟೋದವನು. ಆತ ತೆಗೆದ ನಮ್ಮ ಎರಡೇ ಎರಡು ಫೋಟೋಗಳಲ್ಲಿ ನಮ್ಮವರ ಬಲಗಡೆ ನಾನು, ಎಡಗಡೆ ರಾಜೇಶ್ವರದಾಕಿ. ಅವಳ ಗಂಡನ ಮುಖ ಯಾರದೋ ಹಾರದ ಹಿಂದೆ ಮುಚ್ಚಿಹೋಗಿದೆ.

ಗಂಡಸರಿಬ್ಬರೂ ಬಸವಕಲ್ಯಾಣದ ಒಂದೇ ಓಣಿಯಲ್ಲಿ ಬೆಳೆದವರು. ಕೆನಡಾದ ಒಂದೇ ಊರಿನಲ್ಲಿ, ಒಂದೇ ಗೋದಾಮಿನಲ್ಲಿ ಸಾಮಾನು ಎತ್ತಿಡುವ ಗಾಡಿ ಓಡಿಸುತ್ತಿದ್ದರು. ಒಂದೇ ಮನೆಯ ನೆಲಮಾಳಿಗೆಯಲ್ಲಿ ಎರಡು ಕೋಣೆ ಹಿಡಿದಿದ್ದರು. ರಜೆ ಒಟ್ಟಿಗೆ ಸಿಕ್ಕಿತು, ಆದ್ದರಿಂದ ಮದುವೆಯೂ ಒಟ್ಟಿಗೆ. ಇಬ್ಬರಿಗೂ ಅಲ್ಲಿ ಕಾಯಂ ಆಗಿ ಇರುವ ಹಕ್ಕು, ಅದೇ ಪಿಆರ್ ಅನ್ನುತ್ತಾರಲ್ಲ, ಆಗಲೇ ಸಿಕ್ಕಿತ್ತು. ಇನ್ನು ಹೆಂಡತಿಯನ್ನು ಕರೆಸಿಕೊಳ್ಳಲು ಅರ್ಜಿ ಹಾಕಬೇಕು, ಈ ಮದುವೆ ಪಿಆರ್ ಆಸೆಗೆ ಕಟ್ಟಿದ ನಾಟಕವಲ್ಲ, ಖರೆ ಮದುವೆ ಎಂದು ಕಾಗದದಲ್ಲಿ ಸಬೂತು, ಅಂದರೆ ಪುರಾವೆ, ಕೊಡಬೇಕು. ಅಲ್ಲಿನವರಿಗೆ ನಂಬಿಕೆ ಬಂದರೆ ನಮಗೂ ಪಿಆರ್.

ಮದುವೆಯ ಮರುದಿನ ರಾಜೇಶ್ವರದಾಕಿ ಗಂಡನ ಜೊತೆ ಕೋಟೆಗೆ ಹೋಗಿ, ತಮ್ಮನ ಕೈಯಲ್ಲಿ ಮೊಬೈಲ್ ಕೊಟ್ಟು, ಹೆಗಲ ಮೇಲೆ ಕೈ, ಸೊಂಟದ ಮೇಲೆ ಕೈ, ಹೀಗೆ ಎಪ್ಪತ್ತು ಫೋಟೋ ತೆಗೆಸಿಕೊಂಡಳು. ನಮ್ಮವರೂ ನನ್ನನ್ನು ಕರೆದರು. "ಜನಾ ನೋಡ್ತಾರ್ರಿ" ಅಂದು ನಾನು ಹೋಗಲಿಲ್ಲ. ಇಪ್ಪತ್ತಮೂರು ದಿನ ಜೊತೆಗಿದ್ದೆವು, ಅತ್ತೆ, ಮಾವ, ನಾದಿನಿ ಎಲ್ಲರ ನಡುವೆ. ನಾನು ಅವರ ಪಕ್ಕದಲ್ಲಿ ಒಂದು ಮೊಳ ಬಿಟ್ಟೇ ಕೂತಿದ್ದೆ. ಆಮೇಲೆ ಅವರು ಹೋದರು. ಎರಡೂ ಅರ್ಜಿಗಳು ಒಂದೇ ವಾರದಲ್ಲಿ ಬಿದ್ದವು.

ಅವಳದು ಹನ್ನೊಂದು ತಿಂಗಳಿಗೆ ಬಂತು.

ನನ್ನದು ಬರಲಿಲ್ಲ. ನಾನು ಬಸವಕಲ್ಯಾಣದ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಮೊಬೈಲಿನಲ್ಲಿ ಅರ್ಜಿಯ ಸಂಖ್ಯೆ ಹಾಕಿ ನೋಡುವುದು, 'ಪರಿಶೀಲನೆಯಲ್ಲಿದೆ' ಅನ್ನುವ ಒಂದೇ ಸಾಲು ಓದುವುದು, ಸೀರೆಯ ಸೆರಗು ಸರಿಮಾಡಿಕೊಂಡು ಹೊರಡುವುದು. ಶಾಲೆಯಲ್ಲಿ ಆಯಾ ಸಹ ಕೇಳುತ್ತಿದ್ದಳು, "ಟೀಚರ್, ಬಂತೇನ್ರಿ?" ಮೊದಲ ವರ್ಷ ಎಲ್ಲರಿಗೂ ಉತ್ತರ ಹೇಳಿದೆ. ಆಮೇಲೆ ಪ್ರಶ್ನೆ ಕೇಳುವವರ ಮುಖ ಕಂಡರೆ ಸಾಕು, ದಾರಿ ಬದಲಿಸುತ್ತಿದ್ದೆ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ತವರಿಗೆ, ಅಂದರೆ ಹುಮನಾಬಾದಿಗೆ, ಬಸ್ ಹತ್ತುತ್ತಿದ್ದೆ. ನಡುವೆ ರಾಜೇಶ್ವರ. ಅಲ್ಲಿ ಬಸ್ ನಿಲ್ಲದಿದ್ದರೆ ನನ್ನ ಆಯುಷ್ಯದ ಒಂದಷ್ಟು ಸಂಕಟ ಉಳಿಯುತ್ತಿತ್ತು. ತಿಂಗಳಿಗೆ ಎರಡು ಸಲವಾದರೂ ಅವಳ ತಾಯಿ ಹತ್ತಿ, ಬಸ್ಸೆಲ್ಲ ಖಾಲಿ ಇದ್ದರೂ ನನ್ನ ಪಕ್ಕದಲ್ಲೇ ಬಂದು ಕೂರುತ್ತಿದ್ದರು.

"ನಿಂದ್ ಇನ್ನಾ ಬಂದಿಲ್ಲೇನವ್ವ? ನಮ್ ಹುಡುಗೀದು ಬಂದು ಇಷ್ಟು ದಿನ ಆತು. ನಸೀಬ ಬೇಕವ್ವ, ನಸೀಬ."

"ಹೌದ್ರಿ."

"ತೊಗೋ, ತೊಗರಿಕಾಯಿ ಕುದಸೀನಿ, ತಿನ್ನು. ಭಾಳ ಸೊರಗೀದಿ."

ತೊಗರಿಕಾಯಿ ಸುಲಿದುಕೊಂಡು ತಿನ್ನುತ್ತಾ ಅವರ ಮೊಬೈಲಿನಲ್ಲಿ ಅವಳ ಫೋಟೋ ನೋಡುತ್ತಿದ್ದೆ. ಹಿಮದಲ್ಲಿ ಕೆಂಪು ಕೋಟು. ದೊಡ್ಡ ಅಂಗಡಿಯಲ್ಲಿ ತಳ್ಳುಗಾಡಿ. ಒಂದು ಫೋಟೋದ ಮೂಲೆಯಲ್ಲಿ ನಮ್ಮವರ ಅರ್ಧ ಮುಖ, ನಗುತ್ತಿದೆ. ನನ್ನ ಜೊತೆ ವಿಡಿಯೋದಲ್ಲಿ ಅಷ್ಟು ನಕ್ಕದ್ದು ನನಗೆ ನೆನಪಿರಲಿಲ್ಲ. ಕಾಯಿ ರುಚಿಯಾಗಿತ್ತು. ಅದಕ್ಕೂ ಸಿಟ್ಟು ಬಂತು.

ಅವಳು ಹೋದದ್ದು ಅದೇ ನೆಲಮಾಳಿಗೆಗೆ. ಮೂರು ಜನ, ಎರಡು ಕೋಣೆ, ಒಂದು ಅಡುಗೆಮನೆ. ನಮ್ಮವರು ದಿನಾ ನನಗೆ ಕರೆ ಮಾಡುವುದು ಇಲ್ಲಿ ಬೆಳಿಗ್ಗೆ ಏಳಕ್ಕೆ, ಆಗ ಅಲ್ಲಿ ಹಿಂದಿನ ದಿನದ ರಾತ್ರಿ ಊಟದ ಹೊತ್ತು. ಒಂದು ದಿನ ಅವರ ಮಾತಿನ ಹಿಂದೆ ಫಟ್ ಫಟ್ ಎಂದು ಸದ್ದು ಕೇಳಿತು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಆ ಸದ್ದು ಏನೆಂದು ಯಾರೂ ಹೇಳಬೇಕಾಗಿಲ್ಲ.

"ಯಾರ್ರಿ ಅದು, ರೊಟ್ಟಿ ಬಡಿಯಾಕತ್ತಿದ್ದು?"

"ಇನ್ಯಾರು, ನಮ್ ದೋಸ್ತನ ಹೆಂಡ್ತಿ. ಇಲ್ಲಿ ಅಂಗಡ್ಯಾಗ ಜ್ವಾಳದ ಹಿಟ್ಟು ಸಿಕ್ಕದ. ನಿನ್ನಿ ನಾಕು ತಿಂದೆ ನೋಡು!"

ನಾಲ್ಕು. ನನ್ನ ಕೈಯ ರೊಟ್ಟಿಯನ್ನು ಆ ಇಪ್ಪತ್ತಮೂರು ದಿನದಲ್ಲಿ ಎಂದೂ ಎರಡರ ಮೇಲೆ ಮುಟ್ಟಿದವರಲ್ಲ. ಅಂದು ಮೂರನೇ ತರಗತಿಯ ಮಕ್ಕಳಿಗೆ ಪಾಠ ಮಾಡುವಾಗ ಒಂದು ಮಗು ಸುಮ್ಮನೆ ಕೆಮ್ಮಿದ್ದಕ್ಕೆ ಬೈದುಬಿಟ್ಟೆ.

ಆಮೇಲೆ ನಾನು ಯಾವ ಮಟ್ಟಕ್ಕೆ ಇಳಿದೆ ಎಂದು ಹೇಳಲು ಈಗ ನಾಚಿಕೆಯಿಲ್ಲ. ದಿನಾ ಮೊಬೈಲಿನಲ್ಲಿ ಬರೆದು ಕೇಳುತ್ತಿದ್ದೆ, 'ಇವತ್ತ ಎಷ್ಟು?' ಅವರು ಮೊದಮೊದಲು ನಿಜ ಹೇಳಿದರು, ಆಮೇಲೆ 'ಎರಡು' ಎಂದು ಬರೆಯತೊಡಗಿದರು. ಅವಳ ತಾಯಿ ಬಸ್ಸಿನಲ್ಲಿ, "ಪಾಪ, ದಿನಾ ಹತ್ತು ರೊಟ್ಟಿ ಬಡೀತಾಳ ನನ್ ಮಗಳು" ಅಂದಾಗ ಕೂತಲ್ಲೇ ಲೆಕ್ಕ ಹಾಕಿದೆ. ಆಕೆಗೆ ಎರಡು, ಅವಳ ಗಂಡನಿಗೆ ನಾಲ್ಕು, ಉಳಿದದ್ದು ನಾಲ್ಕು. ಸುಳ್ಳು ಸಿಕ್ಕಿಬಿತ್ತು. ಬಸ್ಸಿನಲ್ಲೇ ಬರೆದೆ, 'ಆಕಿ ಕೈಯಾಗ ಅಷ್ಟು ಜಾದೂ ಇದ್ರ ನನ್ನ ಅರ್ಜಿ ವಾಪಸ್ ತೊಗೋರಿ.' ಅವರು ಬರೆದರು, 'ನಿನಗ ಹುಚ್ಚು ಹಿಡದದ.' ನಾನು ಬರೆದೆ, 'ಹಿಡಸಿದವರು ನೀವು.'

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಆ ಮಾತು ಕಟ್ಟಿದವರು ಒಂದೇ ಹೊತ್ತಿಗೆ ಉಂಡು ಒಂದೇ ಹೊತ್ತಿಗೆ ಮಲಗುವವರನ್ನು ನೋಡಿ ಕಟ್ಟಿದ್ದಾರೆ. ಅವರು ಉಣ್ಣುವಾಗ ನಾನು ಶಾಲೆಗೆ ಹೊರಟಿರುತ್ತೇನೆ, ನಾನು ಮಲಗುವಾಗ ಅವರು ಗೋದಾಮಿನಲ್ಲಿರುತ್ತಾರೆ. ಹಾಗಾಗಿ ನಮ್ಮ ಜಗಳ ಮುಗಿಯಲು ಜಾಗವೇ ಸಿಗದೆ ಐದು ತಿಂಗಳು ನಡೆಯಿತು. ಅಷ್ಟರಲ್ಲಿ ಅತ್ತ ವೀಸಾ ಕಚೇರಿಯಿಂದ ಕಾಗದ ಬಂತು. ಮದುವೆಯಾದಂದಿನಿಂದ ಗಂಡ ಹೆಂಡತಿ ಮಾತಾಡಿಕೊಂಡದ್ದರ ದಾಖಲೆ ಕಳಿಸಬೇಕಂತೆ.

ನನ್ನ ಅರ್ಜಿಯ ಕೆಲಸವೆಲ್ಲ ಹುಮನಾಬಾದಿನ ಬಸ್ ನಿಲ್ದಾಣದ ಹತ್ತಿರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ನಡೆಯುತ್ತಿತ್ತು. ಮೊಬೈಲಿನ ಮಾತುಗಳನ್ನೆಲ್ಲ ಆ ಅಂಗಡಿಯಾತ ಮುದ್ರಿಸಿ ಕೊಟ್ಟ. ಅದನ್ನು ಇಂಗ್ಲಿಷಿಗೆ ಮಾಡಿಕೊಡಲು ನಿವೃತ್ತ ಇಂಗ್ಲಿಷ್ ಮಾಸ್ತರರೊಬ್ಬರಿದ್ದರು. ಕಟ್ಟನ್ನು ತವರುಮನೆಗೆ ತಂದು ನೆಲದ ಮೇಲೆ ಹರಡಿಕೊಂಡು ಕೂತೆ. ಅವ್ವ ಒಂದೆರಡು ಹಾಳೆ ಎತ್ತಿ ಓದಿ ಎದೆ ಮುಟ್ಟಿಕೊಂಡಳು.

"ಯವ್ವಾ, ಇದನ್ನ ಸರ್ಕಾರಕ್ಕ ಕೊಡ್ತೀಯೇನು? ಮನಿ ಜಗಳ ಹೊಸ್ತಿಲ ದಾಟಬಾರ್ದು. ತಗದು ಹಾಕು, ತಗದು ಹಾಕು."

ನನಗೂ ಅದೇ ಸರಿ ಅನ್ನಿಸಿತು. ಜಗಳಾಡುವ ಗಂಡ ಹೆಂಡಿರನ್ನು ಯಾವ ಸರ್ಕಾರ ತಾನೇ ಒಂದುಗೂಡಿಸುತ್ತದೆ? ಆ ಐದು ತಿಂಗಳ ಒಂದು ಹಾಳೆಯೂ ಅವಳ ರೊಟ್ಟಿಯಿಲ್ಲದೆ ಇರಲಿಲ್ಲ, ಆದ್ದರಿಂದ ಐದು ತಿಂಗಳನ್ನೂ ಎತ್ತಿಟ್ಟೆ. ಉಳಿದದ್ದನ್ನು ಮಾಸ್ತರರು ಒಂದೇ ಮುಂಜಾನೆಯಲ್ಲಿ ಮುಗಿಸಿದರು.

"ಏನವ್ವ, 'ಊಟ ಆಯ್ತೇನ್ರಿ', 'ಆಯ್ತು', 'ನಿಂದು?', 'ಆಯ್ತು'. ಬರೇ ಊಟಾನೇ ಅದಲ್ಲ ಇದ್ರಾಗ?" ಅಂದರು.

"ಇನ್ನೇನ್ ಇರ್ತದ್ರಿ ಸರ್" ಅಂದೆ.

ಅದಾಗಿ ಎಂಟು ತಿಂಗಳು ಏನೂ ಇಲ್ಲ. ನಮ್ಮ ಜೊತೆ ವೇದಿಕೆ ಹತ್ತಿದ್ದ ಬೇರೆ ಜೋಡಿಗಳಿಗೆ ಮಕ್ಕಳಾಗಿ, ಆ ಮಕ್ಕಳು ಓಡಾಡತೊಡಗಿದವು. ರಾಜೇಶ್ವರದಾಕಿ ಅಲ್ಲಿ ಕಾರು ಓಡಿಸಲು ಕಲಿತಳಂತೆ. ಕಲಿಸಿದ್ದು ಯಾರು ಎಂದು ಕೇಳಿದೆ. ನಮ್ಮವರು ಉತ್ತರ ಕೊಡಲಿಲ್ಲ. ಉತ್ತರ ಕೊಡದಿದ್ದರೆ ನಾನು ತಿಳಿದುಕೊಳ್ಳುವುದು ಒಂದೇ.

ಎಂಟು ತಿಂಗಳ ಮೇಲೆ ಕಾಗದ ಬಂತು. ಮಾಸ್ತರರು ಕನ್ನಡಕ ಏರಿಸಿ ಓದಿ ಹೇಳಿದರು. ನೀವು ಕೊಟ್ಟ ದಾಖಲೆಯಲ್ಲಿ ಐದು ತಿಂಗಳು ಗಂಡ ಹೆಂಡತಿ ಒಂದು ಮಾತೂ ಆಡಿಲ್ಲ, ಯಾಕೆ? ಫೋಟೋಗಳಲ್ಲಿ ನಿಮ್ಮಿಬ್ಬರಲ್ಲಿ ಗಂಡ ಹೆಂಡಿರ ಸಲಿಗೆ ಕಾಣುವುದಿಲ್ಲ. ಮದುವೆಯ ಫೋಟೋದಲ್ಲಿ ಗಂಡನ ಎಡಗಡೆ ನಿಂತಿರುವ ಹೆಣ್ಣುಮಗಳೇ ಈಗ ಅದೇ ವಿಳಾಸದಲ್ಲಿ ಅವರ ಜೊತೆ ವಾಸವಾಗಿರುವಂತೆ ತೋರುತ್ತದೆ. ಮೂವತ್ತು ದಿನದೊಳಗೆ ವಿವರಣೆ ಕೊಡಬೇಕು, ಇಲ್ಲವಾದರೆ ಅರ್ಜಿ ತಿರಸ್ಕಾರ.

ಸತ್ಯ ಹೇಳುತ್ತೇನೆ, ಮೊದಲು ನನಗೆ ಖುಷಿಯಾಯಿತು. ಎಷ್ಟೋ ದಿನದಿಂದ ನನಗೊಬ್ಬಳಿಗೇ ಇದ್ದ ಅನುಮಾನ ಅಷ್ಟು ದೂರದ ಅಧಿಕಾರಿಗೂ ಬಂದಿದೆ! ಕೂಡಲೇ ನಮ್ಮವರಿಗೆ ಫೋನ್ ಹಚ್ಚಿದೆ.

"ಕೇಳ್ರಿ, ನಾ ಒಬ್ಬಾಕಿ ಅಲ್ಲ. ಈಗ ಸರ್ಕಾರನೂ ಕೇಳಾಕತ್ತದ, ಆಕಿ ಯಾರು ಅಂತ."

ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ, ಎಷ್ಟು ದಿನದ ಗಡುವು ಎಂದಷ್ಟೇ ಕೇಳಿದರು. ಆಮೇಲೆ ಅಂದರು, "ಇದು ಹೋತಂದ್ರ ಮತ್ತ ಮೊದಲಿಂದ ಅರ್ಜಿ. ಮತ್ತ ಎರಡು ವರ್ಷ, ಮೂರು ವರ್ಷ. ನನ್ನ ಕೈಲಿ ಆಗಂಗಿಲ್ಲ. ನಿನ್ನ ಕೈಲಿನೂ ಆಗಂಗಿಲ್ಲ, ಅದು ನನಗ ಗೊತ್ತದ. ಬಿಟ್ಟುಬಿಡೂಣು ಅಂತೀಯೇನು?"

ಬಿಟ್ಟುಬಿಡುವುದು ಅರ್ಜಿಯನ್ನೋ ಮದುವೆಯನ್ನೋ ಎಂದು ನಾನು ಕೇಳಲಿಲ್ಲ. ಅವರು ನನಗೆ ಬೇಕು ಎಂದು ಅಷ್ಟು ಸ್ಪಷ್ಟವಾಗಿ ಅದಕ್ಕಿಂತ ಮುಂಚೆ ಎಂದೂ ಅನ್ನಿಸಿರಲಿಲ್ಲ.

ಎತ್ತಿಟ್ಟ ಐದು ತಿಂಗಳನ್ನು ಟ್ರಂಕಿನಿಂದ ತೆಗೆದು ಮಾಸ್ತರರ ಮುಂದೆ ಇಟ್ಟೆ. ನೂರರ ಮೇಲೆ ಹಾಳೆ. ಅವರು ಗಟ್ಟಿಯಾಗಿ ಓದಿಕೊಂಡೇ ಬರೆಯುವವರು. ನಾನು ತಲೆ ತಗ್ಗಿಸಿ ಕೂತೆ. ಚಹಾ ತಂದ ಅವರ ಹೆಂಡತಿ ಬಾಗಿಲಲ್ಲೇ ನಿಂತರು, ಆಮೇಲೆ ಕೂತರು, ಆಮೇಲೆ "ಜರಾ ಸಾವಕಾಶ ಓದ್ರಿ" ಅಂದರು. ಎರಡನೇ ದಿನ ನಾನು ಹೋಗುವಷ್ಟರಲ್ಲಿ ಅವರೇ ಕೇಳಿದರು, "ಮುಂದ ಏನಾತವ್ವ? ಹತ್ತು ರೊಟ್ಟಿ ಲೆಕ್ಕ ಹಿಡದಿಯಲ್ಲ, ಆಗ ಏನಂದ ಅಂವ?"

ಮಾಸ್ತರರು ಕೊನೆಯ ಹಾಳೆ ಮುಗಿಸಿ ಕನ್ನಡಕ ತೆಗೆದರು. "ಇಷ್ಟು ಜಗಳಾ ಗಂಡ ಹೆಂಡ್ತಿ ಬಿಟ್ಟು ಬ್ಯಾರೆ ಯಾರೂ ಆಡಂಗಿಲ್ಲ. ಇದನ್ನ ಮೊದಲೇ ಕೊಟ್ಟಿದ್ರ ನೀ ಈಗ ಅಲ್ಲಿರ್ತಿದ್ದಿ."

ಇನ್ನು ಉಳಿದದ್ದು ಅವಳ ಹೇಳಿಕೆ. ಅದೇ ಮನೆಯಲ್ಲಿರುವ ಅವಳೇ ತಾನು ಯಾರು, ಇವರು ಯಾರು ಎಂದು ಬರೆದು ಸಹಿ ಹಾಕಬೇಕಿತ್ತು. ನಮ್ಮವರು ಖಡಾಖಂಡಿತವಾಗಿ ಹೇಳಿದರು, "ನಾ ಕೇಳಂಗಿಲ್ಲ. ನೀ ಬೈದದ್ದು ಎಲ್ಲಾ ಆಕಿ ಕಿವಿಗಿ ಬಿದ್ದದ, ಸಣ್ಣ ಮನಿ ಇದು. ನೀನೇ ಕೇಳು. ಆಕಿ ಏನ್ ಬರೀತಾಳೋ ಅದನ್ನ ನಾ ಓದೂದೂ ಇಲ್ಲ, ನನಗ ನಾಚಿಕಿ ಬರ್ತದ."

ನಾನೇ ಕೇಳಿದೆ. ಆ ಫೋನ್ ಮಾಡಲು ಎರಡು ದಿನ ಹಿಡಿಯಿತು. ಅವಳು ಚುಚ್ಚಿ ಮಾತಾಡಲಿ, ಬರೆಯುವುದಿಲ್ಲ ಅನ್ನಲಿ ಎಂದು ಒಳಗೊಳಗೇ ಕಾದಿದ್ದೆ. ದ್ವೇಷಕ್ಕೆ ಒಂದು ನ್ಯಾಯವಾದ ಕಾರಣ ಸಿಗುತ್ತಿತ್ತು. ಅವಳು, "ಬರೀತೀನ್ರಿ ಅಕ್ಕಾ, ಫಿಕರ್ ಮಾಡಬ್ಯಾಡ್ರಿ" ಅಂದಳು. ವಯಸ್ಸಿನಲ್ಲಿ ನಾವಿಬ್ಬರೂ ಸಮ. ಮೂರನೇ ದಿನ ಕಂಪ್ಯೂಟರ್ ಅಂಗಡಿಗೆ ಅವಳ ಕಾಗದ ಬಂತು, ಮಾಸ್ತರರು ನನಗೆ ಕನ್ನಡದಲ್ಲಿ ಹೇಳಿದರು.

'ನಾನು ಮತ್ತು ನನ್ನ ಗಂಡ ಒಂದು ಕೋಣೆಯಲ್ಲಿ ಇರುತ್ತೇವೆ, ಅವರು ಇನ್ನೊಂದರಲ್ಲಿ ಇರುತ್ತಾರೆ. ಅವರನ್ನು ನಾನು ಅಣ್ಣಾ ಎಂದು ಕರೆಯುತ್ತೇನೆ. ಬೆಳಿಗ್ಗೆ ಹಾಲು ಹಾಕದ ಚಹಾ, ಎರಡು ಬಿಸ್ಕತ್ತು. ಊಟಕ್ಕೆ ಕೂರುವ ಮುಂಚೆ ಹೆಂಡತಿಗೆ ಕರೆ ಮಾಡುತ್ತಾರೆ. ಜಗಳವಾದರೆ ಉಣ್ಣದೆ ಎದ್ದುಹೋಗುತ್ತಾರೆ, ಆ ದಿನದ ರೊಟ್ಟಿಗಳನ್ನು ನಾನು ಮರುದಿನದ ಬುತ್ತಿಗೆ ಕಟ್ಟುತ್ತೇನೆ. ಮದುವೆಯ ಫೋಟೋ ಕಪಾಟಿನ ಬಾಗಿಲ ಒಳಗಡೆ ಅಂಟಿಸಿದ್ದಾರೆ. ಹೋದ ಚಳಿಗಾಲದಲ್ಲಿ ಹಿಮದ ಮೇಲೆ ಜಾರಿ ಬಿದ್ದು ಎಡ ಮೊಣಕಾಲು ಊದಿತ್ತು. ಹನ್ನೊಂದು ದಿನ ಕೆಲಸಕ್ಕೆ ಹೋಗಲಿಲ್ಲ. ಹೆಂಡತಿ ಅಲ್ಲಿ ಒಬ್ಬಳೇ ಹೆದರುತ್ತಾಳೆ, ಹೇಳಬೇಡಿ ಎಂದು ನಮ್ಮಿಬ್ಬರಿಂದ ಮಾತು ತೆಗೆದುಕೊಂಡಿದ್ದಾರೆ. ಈಗಲೂ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾರೆ.'

ಮಾಸ್ತರರ ಹೆಂಡತಿ ಕಣ್ಣು ಒರೆಸಿಕೊಂಡರು. ನಾನು ಅಳಲಿಲ್ಲ. ಅವಳ ಮೇಲಿನ ಹೊಟ್ಟೆಕಿಚ್ಚು ಆ ಗಳಿಗೆಯಲ್ಲಿ ಆರಬೇಕಿತ್ತು. ಆರಲಿಲ್ಲ, ಇನ್ನೂ ಜೋರಾಗಿ ಹತ್ತಿಕೊಂಡಿತು. ರೊಟ್ಟಿ ಹೋಗಲಿ, ಮೊಣಕಾಲು ಊದಿದ್ದನ್ನು ಅವಳು ನೋಡಿದ್ದಾಳೆ. ಗೋಡೆ ಹಿಡಿದು ಹತ್ತುವುದನ್ನು ನೋಡಿದ್ದಾಳೆ. ಅವರ ಚಹಾದಲ್ಲಿ ಹಾಲಿಲ್ಲ ಎಂಬುದು ಅವಳಿಗೆ ಗೊತ್ತು, ನಾನು ಇಪ್ಪತ್ತಮೂರು ದಿನವೂ ಹಾಲು ಹಾಕಿಯೇ ಕೊಟ್ಟಿದ್ದೆ, ಸುಮ್ಮನೆ ಕುಡಿದಿದ್ದರು. ನಾನು ಅವರ ಹೆಂಡತಿ ಎಂದು ಸಾಬೀತು ಮಾಡುವ ಆ ಹಾಳೆಯಲ್ಲಿ ನನಗೆ ಗೊತ್ತಿದ್ದ ಸಂಗತಿ ಒಂದೂ ಇರಲಿಲ್ಲ.

ಉತ್ತರ ಕಳಿಸಿದ ಎರಡು ತಿಂಗಳಿಗೆ ದಿಲ್ಲಿಗೆ ಸಂದರ್ಶನಕ್ಕೆ ಕರೆ ಬಂತು. ನಾನು ಅವಳ ಕಾಗದವನ್ನು ಕನ್ನಡದಲ್ಲಿ ಒಂದು ನೋಟ್‌ಬುಕ್ಕಿಗೆ ಬರೆದುಕೊಂಡು, ಮಕ್ಕಳಿಗೆ ಪದ್ಯ ಬಾಯಿಪಾಠ ಮಾಡಿಸುವಂತೆ, ನನಗೆ ನಾನೇ ಬಾಯಿಪಾಠ ಮಾಡಿಸಿದೆ. ಬಸ್ಸಿನಲ್ಲಿ ಓದುತ್ತಿದ್ದೆ. ರಾಜೇಶ್ವರದಲ್ಲಿ ಅವಳ ತಾಯಿ ಹತ್ತಿದರೆ ಮುಚ್ಚಿಡುತ್ತಿದ್ದೆ.

ಅಣ್ಣನ ಜೊತೆ ರೈಲಿನಲ್ಲಿ ದಿಲ್ಲಿಗೆ ಹೋದೆ. ಗಾಜಿನ ಆಚೆ ಅಧಿಕಾರಿ, ಪಕ್ಕದಲ್ಲಿ ಹಿಂದಿಯಲ್ಲಿ ಕೇಳುವ ಹೆಣ್ಣುಮಗಳು. ಗಂಡ ಬೆಳಿಗ್ಗೆ ಏನು ಕುಡಿಯುತ್ತಾರೆ? ಹೇಳಿದೆ. ಮದುವೆಯ ಫೋಟೋ ಎಲ್ಲಿಟ್ಟಿದ್ದಾರೆ? ಹೇಳಿದೆ. ಆರೋಗ್ಯ ಹೇಗಿದೆ? ಎಡ ಮೊಣಕಾಲು ನೋವು, ಮೆಟ್ಟಿಲಿಗೆ ಗೋಡೆ ಹಿಡಿಯುತ್ತಾರೆ ಅಂದೆ, ನಾನೇ ಕಣ್ಣಾರೆ ನೋಡಿದವಳಂತೆ. ಅಧಿಕಾರಿ ಮುಂದಿದ್ದ ಕಡತದ ಒಂದು ಹಾಳೆ ನೋಡಿದ, ನನ್ನ ಮುಖ ನೋಡಿದ. ನಿಮ್ಮ ಗಂಡನನ್ನು ಚೆನ್ನಾಗಿ ಬಲ್ಲಿರಿ ಅಂದನಂತೆ, ಆ ಹೆಣ್ಣುಮಗಳು ಹೇಳಿದಳು.

ಮೂರು ವಾರಕ್ಕೆ ಪಾಸ್‌ಪೋರ್ಟ್ ಕಳಿಸಿ ಎಂಬ ಸಂದೇಶ ಬಂತು. ಹಾಗೆಂದರೆ ಕೆಲಸ ಆಯಿತು ಎಂದರ್ಥ. ಬೆಳಿಗ್ಗೆ ಏಳಕ್ಕೆ ನಮ್ಮವರ ಕರೆ ಬಂತು. ತಿನ್ನಲು ಏನು ತರಲಿ, ರೊಟ್ಟಿಗೆ ಶೇಂಗಾ ಹಿಂಡಿ ತರಲೇ, ಮೆಲ್ಲಲು ಖಾರಬ್ಯಾಳಿ ತರಲೇ, ಎಂದೆಲ್ಲ ಕೇಳಿ, ಕೊನೆಗೆ ಬಾಯಿಪಾಠವಾಗಿದ್ದದ್ದು ತಾನಾಗಿ ಹೊರಬಂತು.

"ನಾ ಬರೂತನಕ ಜರಾ ಹುಷಾರ್ರಿ. ಮೆಟ್ಟಲಾ ಹತ್ತೂವಾಗ ಎಡಗಾಲಿನ ಮ್ಯಾಲ ಭಾರ ಹಾಕಬ್ಯಾಡ್ರಿ."

ಅವರು ಮೊಬೈಲನ್ನು ಮುಖದ ಹತ್ತಿರ ತಂದರು.

"ಎಡಗಾಲಿಂದು ನಿನಗ ಹ್ಯಾಂಗ ಗೊತ್ತು? ನಾ ಹೇಳೇ ಇಲ್ಲಲ್ಲ."

ಅವರು ಕಾಗದ ಓದಿರಲಿಲ್ಲ. ಒಂದು ಮಾತು ಹೇಳಿದ್ದರೆ ಸಾಕಿತ್ತು, ಆಕಿ ಕಾಗದದಾಗ ಬರದಿದ್ಲು ಅಂತ. ಹೇಳಲಿಲ್ಲ. ಅಷ್ಟನ್ನು ಅವಳಿಗೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ.

"ಯಾರ್ ಹೇಳಬೇಕ್ರಿ? ನಾ ನಿಮ್ ಹೆಂಡ್ತಿ ಅಲ್ಲೇನು? ನಂಗ ಗೊತ್ತಾಗ್ತದ."

ಅವರು ಮಗುವಿನ ಹಾಗೆ ನಕ್ಕರು. ಮೊಬೈಲನ್ನು ಆಚೆ ತಿರುಗಿಸಿ ಯಾರಿಗೋ ಕೂಗಿ ಹೇಳಿದರು, "ಏ ತಂಗೀ, ಕೇಳಿದೇನು? ನಾ ಹೇಳದೇನೇ ಗೊತ್ತಾಗ್ಯಾದ ನೋಡು ಆಕಿಗಿ, ಅಲ್ಲಿ ಕೂತು!"

ಪರದೆಯಲ್ಲಿ ಅವಳು ಕಂಡಳು. ಕೈಯೆಲ್ಲ ಹಿಟ್ಟು, ನನ್ನನ್ನೇ ನೋಡುತ್ತಿದ್ದಳು. ನಾನು ಕಣ್ಣು ತಗ್ಗಿಸಲಿಲ್ಲ, ತಗ್ಗಿಸಿದರೆ ಅವರಿಗೆ ತಿಳಿದುಬಿಡುತ್ತಿತ್ತು.

"ಹೌದಲ್ರಿ ಅಣ್ಣಾ," ಅಂದಳು ಅವಳು. "ಹೆಂಡ್ತಿ ಅಂದ್ಮ್ಯಾಲ ಗೊತ್ತಾಗೂದೇ."